ಸೆಕೆಗಾಲದ ಚರ್ಮಕ್ಕೆ ಪ್ಲಾಸ್ಟರ್ ಪಟ್ಟಿ: ಎಲ್ಲಿ ಬೇಕು, ಎಲ್ಲಿ ಬೇಡ

ಏಪ್ರಿಲ್ ತಿಂಗಳ ಒಂದು ಸಂಜೆ ಯಾವುದಾದರೂ ಔಷಧಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಇಂಥ ಮಾತುಗಳು ಕಿವಿಗೆ ಬೀಳುತ್ತವೆ. "ಮಗುವಿನ ಕತ್ತಿಗೆ ಬೆವರುಸಾಲೆ ಎದ್ದಿದೆ, ಕೆರೆದು ಕೆರೆದು ಹುಣ್ಣು ಮಾಡಿಕೊಳ್ಳುತ್ತಿದೆ, ಮೇಲೊಂದು ಬ್ಯಾಂಡೇಡ್ ಹಾಕಿಬಿಡಲಾ?" "ಬೆನ್ನಿಗೆ ಕುರು ಎದ್ದಿದೆ, ಪ್ಲಾಸ್ಟರ್ ಕೊಡಿ." "ಬೈಕಿನ ಸೈಲೆನ್ಸರ್ ತಾಗಿ ಮೀನಖಂಡ ಸುಟ್ಟಿದೆ, ದೊಡ್ಡ ಪಟ್ಟಿ ಇದೆಯಾ?" "ಹೊಸ ಚಪ್ಪಲಿ ಕಚ್ಚಿ ಬೊಬ್ಬೆ ಬಂದಿದೆ." ನಾಲ್ಕೂ ಬಿಸಿಲುಕಾಲದ ತೊಂದರೆಗಳೇ. ನಾಲ್ವರಿಗೂ ಒಂದೇ ಡಬ್ಬಿಯಿಂದ ಪಟ್ಟಿ ತೆಗೆದು ಕೊಡುವುದು ಅಂಗಡಿಯವರಿಗೆ ಸುಲಭ. ಆದರೆ ಆ ಪಟ್ಟಿ ಚಪ್ಪಲಿ ಕಚ್ಚಿದವರಿಗೆ ಒಳ್ಳೆಯದು ಮಾಡುತ್ತದೆ. ಕುರುವಿಗೂ ಸುಟ್ಟ ಗಾಯಕ್ಕೂ ಅದನ್ನು ಯಾವ ಹಂತದಲ್ಲಿ, ಹೇಗೆ ಹಾಕಿದರು ಎಂಬುದು ಮುಖ್ಯ. ಬೆವರುಸಾಲೆ ಎದ್ದ ಮಗುವಿಗೆ ಮಾತ್ರ ಅದರಿಂದ ಕೆಡುಕೇ ಹೆಚ್ಚು.

ಯಾಕೆ ಎಂದು ತಿಳಿಯಬೇಕಾದರೆ ಬೆವರಿನಿಂದ ಶುರುಮಾಡಬೇಕು.

ನಮ್ಮ ಮೈಮೇಲೆ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಪ್ರತಿ ಗ್ರಂಥಿಯೂ ಚರ್ಮದ ಆಳದಲ್ಲಿ ಸುರುಳಿ ಸುತ್ತಿಕೊಂಡ ಒಂದು ಸಣ್ಣ ನಾಳ. ಅದರ ಇನ್ನೊಂದು ತುದಿ ಮೇಲಕ್ಕೆ ಏರಿಬಂದು ಚರ್ಮದ ಮೇಲ್ಮೈಯಲ್ಲಿ ಬಾಯಿ ತೆರೆಯುತ್ತದೆ. ಹೊರಬಂದ ಬೆವರು ಆವಿಯಾಗಿ ಹೋದಾಗಲೇ ಮೈ ತಂಪಾಗುವುದು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖ ಮೈಯಿಂದ ಹೊರಟುಹೋಗುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಅಂಥ ಉಪಕಾರವೇನೂ ಇಲ್ಲ, ನೀರು ಮತ್ತು ಉಪ್ಪು ನಷ್ಟವಾದದ್ದಷ್ಟೇ. ಮಂಗಳೂರು, ಉಡುಪಿ, ಕಾರವಾರದ ಗಾಳಿಯಲ್ಲಿ ಮೊದಲೇ ನೀರಿನ ಅಂಶ ತುಂಬಿರುವುದರಿಂದ ಬೆವರು ಆರುವುದಿಲ್ಲ, ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಪಾದರಸ 40 ಡಿಗ್ರಿ ದಾಟಿದರೂ ಗಾಳಿ ಒಣದಾಗಿರುವುದರಿಂದ ಬೆವರು ಬಂದದ್ದೇ ಆರಿಹೋಗುತ್ತದೆ. ಹಾಗಾಗಿ ಬೆವರುಸಾಲೆಯ ಮಟ್ಟಿಗೆ ಹೇಳುವುದಾದರೆ ಬಿಸಿಲಿನ ಉರಿಗಿಂತ ಆರದೆ ಉಳಿದ ತೇವವೇ ದೊಡ್ಡ ಕಾರಣ.

ಗಂಟೆಗಟ್ಟಲೆ ತೇವದಲ್ಲಿದ್ದ ಚರ್ಮದ ಮೇಲ್ಪದರ ನೆನೆದು ಉಬ್ಬುತ್ತದೆ. ಬೆವರುನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಗ್ರಂಥಿ ಮಾತ್ರ ಒಳಗೆ ಬೆವರು ಸುರಿಸುತ್ತಲೇ ಇರುತ್ತದೆ. ಗೋಡೆಯೊಳಗಿನ ಕೊಳವೆ ಕಟ್ಟಿಕೊಂಡರೆ ನೀರು ಗೋಡೆಗೇ ಇಳಿದು ಸುಣ್ಣ ಉಬ್ಬುವ ಹಾಗೆ, ಹೊರದಾರಿ ಕಾಣದ ಬೆವರು ಚರ್ಮದೊಳಗೇ ಸೋರಿಕೊಳ್ಳುತ್ತದೆ. ತೀರಾ ಮೇಲ್ಪದರದಲ್ಲೇ ಸೋರಿದರೆ ಇಬ್ಬನಿಯಷ್ಟು ತಿಳಿಯಾದ ಸಣ್ಣ ಗುಳ್ಳೆಗಳು ಏಳುತ್ತವೆ, ಅವುಗಳಿಗೆ ತುರಿಕೆ ಇಲ್ಲ, ಒರೆಸಿದರೆ ಒಡೆದುಹೋಗುತ್ತವೆ. ಎಳೆಗೂಸುಗಳ ಹಣೆಯ ಮೇಲೆ ಕಾಣುವುದು ಹೆಚ್ಚಾಗಿ ಇವೇ. ಸ್ವಲ್ಪ ಕೆಳಗೆ ಸೋರಿದರೆ ಚರ್ಮ ಕೆರಳುತ್ತದೆ. ಕೆಂಪಾದ, ಚುಚ್ಚುವ, ನವೆಯ ಗುಳ್ಳೆಗಳು ಕತ್ತು, ಎದೆ, ಬೆನ್ನು, ಕಂಕುಳು, ಸೊಂಟದಲ್ಲಿ ರಾಶಿಯಾಗಿ ಏಳುತ್ತವೆ. ನಾವು ಬೆವರುಸಾಲೆ ಎನ್ನುವುದು ಇದನ್ನೇ. ಮತ್ತೆ ಮತ್ತೆ ಹೀಗಾದರೆ ತಡೆ ಇನ್ನೂ ಆಳಕ್ಕೆ ಇಳಿಯುತ್ತದೆ. ಆಗ ಮೈಬಣ್ಣದವೇ ಆದ ಗಟ್ಟಿ ಗುಳ್ಳೆಗಳು ಕಾಣುತ್ತವೆ, ತುರಿಕೆ ಕಡಿಮೆ, ಅಪಾಯ ಹೆಚ್ಚು.

ಈ ತಡೆ ಹೇಗೆ ಉಂಟಾಗುತ್ತದೆ ಎಂದು ತಿಳಿಯಲು ವಿಜ್ಞಾನಿಗಳು ಆರೋಗ್ಯವಂತರ ಚರ್ಮದ ಮೇಲೆ ಬೇಕೆಂದೇ ಬೆವರುಸಾಲೆ ಎಬ್ಬಿಸಿ ನೋಡಿದ್ದಾರೆ. ಅದಕ್ಕೆ ಅವರು ಮಾಡಿದ್ದೇನು? ಚರ್ಮಕ್ಕೆ ತೆಳುವಾದ ಪಾಲಿಥಿನ್ ಹಾಳೆ ಸುತ್ತಿದರು. 1978ರಲ್ಲಿ ಹೋಲ್ಸ್ಲೆ ಮತ್ತು ಕ್ಲಿಗ್ಮನ್ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಎರಡು ದಿನ ಗಾಳಿಯಾಡದಂತೆ ಮುಚ್ಚಿದ ಚರ್ಮವನ್ನು ಬೆವರಿಸಿದಾಗ ಗುಳ್ಳೆಗಳು ಎದ್ದವು. ಹಾಳೆಯ ಕೆಳಗೆ ಸೂಕ್ಷ್ಮಾಣುಗಳು ಎಷ್ಟು ಹೆಚ್ಚಿದ್ದವೋ ಗುಳ್ಳೆಯೂ ಅಷ್ಟೇ ಜೋರಾಗಿತ್ತು. ಸೂಕ್ಷ್ಮಾಣುಗಳು ಹೆಚ್ಚದಂತೆ ಔಷಧಿ ಹಚ್ಚಿ ಮುಚ್ಚಿದ ಕಡೆ ಬೆವರುಸಾಲೆ ಏಳಲಿಲ್ಲ. 1995ರ ಇನ್ನೊಂದು ಅಧ್ಯಯನ ಒಂದು ಹೆಜ್ಜೆ ಮುಂದೆ ಹೋಯಿತು. ಎಲ್ಲರ ಚರ್ಮದ ಮೇಲೂ ತಣ್ಣಗೆ ಬದುಕಿಕೊಂಡಿರುವ ಸ್ಟೆಫೈಲೊಕಾಕಸ್ ಎಪಿಡರ್ಮಿಡಿಸ್ ಎಂಬ ಸೂಕ್ಷ್ಮಾಣು, ತೇವವೂ ಬಿಸಿಯೂ ಸಿಕ್ಕಿದಾಗ ಒಂದು ಬಗೆಯ ಲೋಳೆ ಸ್ರವಿಸಿ ಬೆವರುನಾಳವನ್ನು ಕಟ್ಟಿಹಾಕುತ್ತದೆ ಎಂಬುದು ಅದರಿಂದ ತಿಳಿಯಿತು.

ಅಂದರೆ ಬೆವರುಸಾಲೆಯ ಮೇಲೆ ಪ್ಲಾಸ್ಟರ್ ಹಚ್ಚುವವರು, ಪ್ರಯೋಗಾಲಯದಲ್ಲಿ ಬೆವರುಸಾಲೆ ಬರಿಸಲು ಏನು ಮಾಡುತ್ತಾರೋ ಅದನ್ನೇ ಮಗುವಿನ ಕತ್ತಿನ ಮೇಲೆ ಮಾಡುತ್ತಿದ್ದಾರೆ. ಮಗು ಕೆರೆಯದಿರಲಿ ಎಂಬ ಕಾಳಜಿ ಅವರದು. ಪಟ್ಟಿಯ ಕೆಳಗೆ ನಡೆಯುವುದು ಬೇರೆಯೇ. ಪಟ್ಟಿ ಕಿತ್ತ ಮೇಲೂ ತೊಂದರೆ ಅಲ್ಲಿಗೇ ಮುಗಿಯುವುದಿಲ್ಲ. ಒಮ್ಮೆ ಕಟ್ಟಿಕೊಂಡ ನಾಳ ಮತ್ತೆ ಸರಾಗವಾಗಲು ಎರಡು ಮೂರು ವಾರ ಹಿಡಿಯಬಹುದು, ಅಲ್ಲಿಯವರೆಗೆ ಆ ಜಾಗ ಸರಿಯಾಗಿ ಬೆವರುವುದಿಲ್ಲ. ಬೆರಳಗಲದ ಜಾಗವಾದರೆ ಗೊತ್ತೂ ಆಗುವುದಿಲ್ಲ. ಮೈತುಂಬ ಹೀಗಾದವರಿಗೆ ಮಾತ್ರ ಸೆಕೆ ತಾಳುವ ಶಕ್ತಿಯೇ ಕುಂದುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಉಷ್ಣವಲಯದ ದೇಶಗಳಲ್ಲಿ ಬೀಡುಬಿಟ್ಟಿದ್ದ ಸೈನಿಕರನ್ನು ಬೆವರುಸಾಲೆ ಬಹಳವಾಗಿ ಕಾಡಿತ್ತು, ಅದರ ಬಗ್ಗೆ ಗಂಭೀರ ಸಂಶೋಧನೆ ಬೆಳೆದದ್ದು ಆ ವರ್ಷಗಳಲ್ಲೇ.

ಪ್ಲಾಸ್ಟರ್ ಒಂದೇ ಈ ಕೆಲಸ ಮಾಡುವುದಲ್ಲ. ನಮ್ಮ ಮನೆಗಳಲ್ಲಿ ಎಳೆಮಗುವನ್ನು ಮಲಗಿಸುವ ರಬ್ಬರ್ ಶೀಟು, ಬೇಸಿಗೆಯಲ್ಲೂ ಬಿಡದೆ ತೊಡಿಸುವ ಕುಲಾವಿ ಮತ್ತು ಕಾಲುಚೀಲ, ದಿನವಿಡೀ ಬಿಚ್ಚದ ಡೈಪರ್, ಮೈಗೆ ಮೆತ್ತಿದ ದಪ್ಪ ಎಣ್ಣೆ, ಇವೆಲ್ಲದರ ಫಲವೂ ಅದೇ. ಬಾಣಂತಿ ಮತ್ತು ಕೂಸು ಬೆಚ್ಚಗಿರಬೇಕು ಎನ್ನುವ ಅಜ್ಜಿಯರ ಮಾತಿನ ಹಿಂದೆ ಮಳೆಗಾಲದ, ಚಳಿಗಾಲದ ಅನುಭವವಿದೆ, ಅದನ್ನು ತಳ್ಳಿಹಾಕುವುದು ಬೇಡ. ಆದರೆ ಏಪ್ರಿಲ್‌ನಲ್ಲಿ ಹುಟ್ಟಿದ ಕೂಸಿಗೆ ಡಿಸೆಂಬರ್ ಕೂಸಿನ ಉಡುಪು ಬೇಕಿಲ್ಲ. ರೆಕ್ಸಿನ್ ಹೊದಿಕೆಯ ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಮಲಗಿದ ವೃದ್ಧರ ಬೆನ್ನನ್ನು ದಿನಕ್ಕೊಮ್ಮೆ ತಿರುಗಿಸಿ ನೋಡಿ, ಅಲ್ಲೂ ಇದೇ ಗುಳ್ಳೆಗಳಿರುತ್ತವೆ. ಪಾಲಿಯೆಸ್ಟರ್ ಸಮವಸ್ತ್ರ ತೊಟ್ಟು ಹಗಲಿಡೀ ನಿಲ್ಲುವ ಸೆಕ್ಯುರಿಟಿ ಗಾರ್ಡುಗಳದ್ದೂ ಇದೇ ಪಾಡು.

ಪರಿಹಾರ ಕೇಳಿದರೆ ನಿರಾಸೆಯಾಗುವಷ್ಟು ಸರಳ: ಬೆವರು ಆರಲು ಬಿಡುವುದು. ಫ್ಯಾನಿನ ಗಾಳಿ, ಸಡಿಲವಾದ ತೆಳು ಹತ್ತಿಬಟ್ಟೆ, ದಿನಕ್ಕೆ ಎರಡು ಸಲ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನ ಸ್ನಾನ. ಸೋಪು ಹಾಕಿ ಉಜ್ಜದೆ, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒರೆಸಬೇಕು. ತುರಿಕೆಗೆ ಕ್ಯಾಲಮೈನ್ ಲೋಷನ್ ತೆಳುವಾಗಿ ಹಚ್ಚಬಹುದು. ಪೌಡರ್ ಬಳಸುವುದಾದರೆ ಒಣ ಮೈಗೆ, ಸ್ವಲ್ಪವೇ. ಬೆವರಿನ ಮೇಲೆ ಸುರಿದ ಪೌಡರ್ ಹಿಟ್ಟಿನಂತೆ ಕಲಸಿಕೊಂಡು ಚರ್ಮದ ಮಡಿಕೆಗಳಲ್ಲಿ ಕೂರುತ್ತದೆ. ಎಳೆಗೂಸಿನ ಹತ್ತಿರ ಪೌಡರ್ ಉದುರಿಸುವುದೇ ಬೇಡ, ಅದು ಉಸಿರಿನೊಳಗೆ ಹೋಗುತ್ತದೆ. ಮಗು ಕೆರೆಯುತ್ತದೆ ಎಂಬ ಚಿಂತೆಗೆ ಉತ್ತರ ಪಟ್ಟಿಯಲ್ಲಿಲ್ಲ, ಉಗುರು ಕತ್ತರಿಯಲ್ಲಿದೆ. ಗುಳ್ಳೆಗಳಲ್ಲಿ ಕೀವು ಕಂಡರೆ, ಜ್ವರ ಬಂದರೆ, ನಾಲ್ಕೈದು ದಿನ ತಂಪಾಗಿಟ್ಟರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಬೆವರುಸಾಲೆ ಎಂದುಕೊಂಡದ್ದು ಹುಳುಕಡ್ಡಿಯೋ ಕಜ್ಜಿಯೋ ಆಗಿರುವ ಸಾಧ್ಯತೆ ಸಣ್ಣದಲ್ಲ. ಹುಳುಕಡ್ಡಿಗೆ ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡು ದಿನ ಇಳಿದಂತೆ ಕಂಡು ಆಮೇಲೆ ದುಪ್ಪಟ್ಟಾಗಿ ಹರಡುತ್ತದೆ.

ಹಾಗಾದರೆ ಪ್ಲಾಸ್ಟರ್ ಕೆಟ್ಟದ್ದೇ? ಖಂಡಿತ ಅಲ್ಲ. 1882ರಲ್ಲಿ ಹ್ಯಾಂಬರ್ಗ್‌ನ ಔಷಧಿ ವ್ಯಾಪಾರಿ ಪೌಲ್ ಬೈಯರ್ಸ್‌ಡಾರ್ಫ್ ಅಂಟುಪಟ್ಟಿಯೊಂದಕ್ಕೆ ಪೇಟೆಂಟ್ ಪಡೆದರು. 1920ರಲ್ಲಿ ಅಮೆರಿಕದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯಲ್ಲಿ ಹತ್ತಿ ಖರೀದಿಯ ಕೆಲಸದಲ್ಲಿದ್ದ ಅರ್ಲ್ ಡಿಕ್ಸನ್, ಅಡುಗೆಮನೆಯಲ್ಲಿ ಕೈ ಕುಯ್ದುಕೊಂಡು ಸುಟ್ಟುಕೊಳ್ಳುತ್ತಿದ್ದ ಹೆಂಡತಿ ಜೋಸೆಫೀನ್ ತಾವೇ ಕಟ್ಟಿಕೊಳ್ಳಲು ಆಗುವಂತೆ ಅಂಟುಪಟ್ಟಿಯ ನಡುವೆ ಗಾಜ್ ಬಟ್ಟೆ ಇಟ್ಟು ಸಿದ್ಧಮಾಡಿದರು. ಇಂದಿನ ಬ್ಯಾಂಡೇಡ್ ಹುಟ್ಟಿದ್ದು ಹೀಗೆ. ಗಾಯಕ್ಕೆ ಹೊದಿಕೆ ಯಾಕೆ ಬೇಕು ಎಂಬುದರ ವಿವರ ತಿಳಿದದ್ದು ಬಹಳ ತಡವಾಗಿ. ಗಾಯ ಗಾಳಿಗೆ ಬಿಟ್ಟು ಒಣಗಿ ಹಕ್ಕಳೆ ಕಟ್ಟಿದರೆ ಬೇಗ ಮಾಯುತ್ತದೆ ಎಂದೇ ಎಲ್ಲರೂ ನಂಬಿದ್ದರು, ಈಗಲೂ ಬಹಳ ಮನೆಗಳಲ್ಲಿ ನಂಬುತ್ತಾರೆ. 1962ರಲ್ಲಿ ಬ್ರಿಟನ್ನಿನ ಜಾರ್ಜ್ ವಿಂಟರ್ ಹಂದಿಗಳ ಚರ್ಮದ ಮೇಲಿನ ತೆಳು ಗಾಯಗಳನ್ನು ಹೋಲಿಸಿ ನೋಡಿದರು. ಕೆಲವನ್ನು ಒಣಗಲು ಬಿಟ್ಟರು, ಕೆಲವನ್ನು ಪಾಲಿಥಿನ್ ಹಾಳೆಯಿಂದ ಮುಚ್ಚಿದರು. ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಹಬ್ಬಿತು. ತೇವದಲ್ಲಿ ಹೊಸ ಜೀವಕೋಶಗಳು ಸುಲಭವಾಗಿ ಸರಿದುಬರುತ್ತವೆ, ಹಕ್ಕಳೆಯ ಕೆಳಗೆ ದಾರಿ ಕೊರೆದುಕೊಂಡು ಬರುವ ಶ್ರಮ ಅವಕ್ಕಿಲ್ಲ.

1962ರ ಪ್ರಯೋಗದಲ್ಲೂ ಪಾಲಿಥಿನ್, 1978ರದರಲ್ಲೂ ಪಾಲಿಥಿನ್. ಒಡೆದ ಚರ್ಮದ ಮೇಲೆ ಅದು ಮದ್ದಾಯಿತು, ಒಡೆಯದೆ ಬೆವರುತ್ತಿದ್ದ ಚರ್ಮದ ಮೇಲೆ ರೋಗ ತಂದಿತು. ಪ್ಲಾಸ್ಟರಿನ ಗುಣ ಒಂದೇ, ತೇವವನ್ನು ಹಿಡಿದಿಡುವುದು. ಪಟ್ಟಿಯ ಕಾಗದ ಸುಲಿಯುವ ಮೊದಲು ನೋಡಬೇಕಾದದ್ದು ಕೆಳಗಿನ ಚರ್ಮ ಒಡೆದಿದೆಯೇ ಎಂಬುದನ್ನು.

ಚರ್ಮ ಒಡೆಯುವ, ಒಡೆಯಲಿರುವ ಸಂದರ್ಭಗಳಲ್ಲಿ ಬೇಸಿಗೆಯಲ್ಲಿ ಅತಿ ಸಾಮಾನ್ಯವಾದದ್ದು ಪಾದದ ಬೊಬ್ಬೆ. ಯುಗಾದಿಗೆ ಮುಂಚೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರಿನ ಕಡೆಯಿಂದ ಶ್ರೀಶೈಲದ ಮಲ್ಲಿಕಾರ್ಜುನನ ದರ್ಶನಕ್ಕೆ ನಡೆದು ಹೊರಡುವ ಭಕ್ತರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ನೂರಾರು ಕಿಲೊಮೀಟರ್ ದಾರಿ, ಕೆಲವರಂತೂ ಬರಿಗಾಲಲ್ಲಿ. ನಡುಹಗಲಿನ ಟಾರು ರಸ್ತೆಯ ಮೇಲ್ಮೈ ಬಿಸಿ 60 ಡಿಗ್ರಿ ದಾಟುತ್ತದೆ. ದಾರಿಯ ಊರವರು ಯಾತ್ರಿಕರ ಕಾಲಿಗೆ ಬಿಸಿನೀರು ಹಾಕಿ, ಎಣ್ಣೆ ತಿಕ್ಕಿ, ಗುಳಿಗೆ ಮುಲಾಮು ಕೊಟ್ಟು ಉಪಚರಿಸುತ್ತಾರೆ. ಅಂಥ ಸೇವೆಯ ಶಿಬಿರ ನಡೆಸುವವರಿಗಾಗಿಯೇ ಮುಂದಿನ ಮಾತುಗಳನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಬೊಬ್ಬೆ ಏಳಲು ಮೇಲುಮೇಲಿನ ಉಜ್ಜಾಟವೊಂದೇ ಕಾರಣವಲ್ಲ. ಹೆಜ್ಜೆ ಹೆಜ್ಜೆಗೂ ಒಳಗಿನ ಮೂಳೆ ಒಂದು ಕಡೆ ಸರಿದು, ಚಪ್ಪಲಿಗೆ ಅಂಟಿಕೊಂಡ ಹೊರಚರ್ಮ ಇನ್ನೊಂದು ಕಡೆ ಉಳಿದು, ನಡುವಿನ ಪದರಗಳು ಎಳೆದಾಡಿ ಬಿಡಿಸಿಕೊಳ್ಳುತ್ತವೆ. ಆ ಬಿರುಕಿನಲ್ಲಿ ನೀರು ತುಂಬುತ್ತದೆ. ಅರೆತೇವದ ಚರ್ಮ ಒಣಚರ್ಮಕ್ಕಿಂತ ಹೆಚ್ಚು ಅಂಟುತ್ತದೆ, ಅದಕ್ಕೇ ಬೆವರುಗಾಲು ಬೇಗ ಬೊಬ್ಬೆ ಏಳುತ್ತದೆ. ಬೊಬ್ಬೆ ಎದ್ದ ಮೇಲೆ ಪಟ್ಟಿ ಹುಡುಕುವುದಕ್ಕಿಂತ ನಡಿಗೆಗೆ ಮೊದಲೇ ಹಚ್ಚಿದರೆ ಲಾಭ ಹೆಚ್ಚು. ಮರುಭೂಮಿಯಂಥ ಕಡೆಗಳಲ್ಲಿ ದಿನಗಟ್ಟಲೆ ಓಡುವ ದೂರದ ಓಟಗಾರರ ಮೇಲೆ ಅಮೆರಿಕದ ವೈದ್ಯ ಗ್ರಾಂಟ್ ಲಿಪ್ಮನ್ ಮತ್ತು ಸಂಗಡಿಗರು ಸಾಮಾನ್ಯ ಪೇಪರ್ ಟೇಪನ್ನು ಪರೀಕ್ಷಿಸಿದರು. 2014ರಲ್ಲಿ ಪ್ರಕಟವಾದ ಮೊದಲ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹಚ್ಚುವ ಕ್ರಮ ತಿದ್ದಿಕೊಂಡು ಮಾಡಿ 2016ರಲ್ಲಿ ಪ್ರಕಟಿಸಿದ ಎರಡನೆಯದರಲ್ಲಿ ಟೇಪ್ ಹಚ್ಚಿದ ಜಾಗಗಳಲ್ಲಿ ಬೊಬ್ಬೆ ಎದ್ದುಕಾಣುವಷ್ಟು ಕಡಿಮೆಯಾಗಿತ್ತು. ನಮ್ಮ ಔಷಧಿ ಅಂಗಡಿಗಳಲ್ಲಿ ಮೈಕ್ರೋಪೋರ್ ಎಂದು ಕೇಳಿದರೆ ಕೊಡುವುದು ಈ ಬಗೆಯ ಟೇಪನ್ನೇ. ಅಗ್ಗದ್ದು, ಗಾಳಿಯಾಡುವಂಥದ್ದು, ಕೀಳುವಾಗ ಚರ್ಮ ಹರಿಯುವುದಿಲ್ಲ. ಒಣಗಿದ ಪಾದಕ್ಕೆ, ಮಡಿಕೆ ಬೀಳದಂತೆ, ಹಿಮ್ಮಡಿ ಮತ್ತು ಬೆರಳುಗಳ ಬುಡದಂಥ ಪ್ರತಿ ಸಲ ಬೊಬ್ಬೆ ಏಳುವ ಜಾಗಕ್ಕೆ ಒಂದೇ ಪದರ ಹಚ್ಚಿದರೆ ಸಾಕು.

ಬೊಬ್ಬೆ ಎದ್ದೇಬಿಟ್ಟರೆ ಅದರ ಮೇಲಿನ ಚರ್ಮವನ್ನು ಕಿತ್ತುಹಾಕಬೇಡಿ. ಅದಕ್ಕಿಂತ ಒಳ್ಳೆಯ ಹೊದಿಕೆ ಯಾವ ಕಾರ್ಖಾನೆಯಲ್ಲೂ ತಯಾರಾಗುವುದಿಲ್ಲ. ಸಣ್ಣದಾದರೆ ಮುಚ್ಚಿ ಹಾಗೇ ಬಿಡಿ, ನೀರು ತಾನೇ ಇಂಗುತ್ತದೆ. ಹೆಜ್ಜೆ ಊರಲಾರದಷ್ಟು ದೊಡ್ಡದಾಗಿ ನೋಯುತ್ತಿದ್ದರೆ ಶಿಬಿರದ ನರ್ಸ್ ಶುದ್ಧ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಲಿ, ಮೇಲ್ಚರ್ಮ ಹಾಗೇ ಉಳಿಯಲಿ. ಆಮೇಲೆ ಹಚ್ಚುವ ಪಟ್ಟಿಯ ಆಯ್ಕೆಯೂ ಮುಖ್ಯ. ಮಾಮೂಲಿ ಪ್ಲಾಸ್ಟಿಕ್ ಪಟ್ಟಿ ಬೆವರಿದ ಪಾದದ ಮೇಲೆ ಅರ್ಧ ಗಂಟೆಯಲ್ಲಿ ಜಾರಿ, ಸುರುಟಿಕೊಂಡು, ಪಕ್ಕದಲ್ಲೇ ಇನ್ನೊಂದು ಬೊಬ್ಬೆ ಎಬ್ಬಿಸುತ್ತದೆ. ಬಟ್ಟೆಯ ಪಟ್ಟಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹೈಡ್ರೊಕೊಲಾಯ್ಡ್ ಎಂಬ ದಪ್ಪನೆಯ ಮೆತ್ತನೆ ಪಟ್ಟಿ ಗಾಯದ ನೀರನ್ನು ಹೀರಿ ಲೋಳೆಯಾಗಿ ಉಬ್ಬಿ ಮೆತ್ತೆಯಂತೆ ಕೂರುತ್ತದೆ. ಬೆಲೆ ಜಾಸ್ತಿ, ಆದರೆ ಪಾದಕ್ಕೆ ಒಗ್ಗುತ್ತದೆ. ಅದನ್ನು ದಿನವೂ ಕಿತ್ತು ನೋಡುವ ಅಭ್ಯಾಸ ಬೇಡ, ಪಟ್ಟಿಯೊಂದಿಗೆ ಬೊಬ್ಬೆಯ ಚರ್ಮವೂ ಕಿತ್ತುಬರುತ್ತದೆ, ತಾನಾಗಿ ಸಡಿಲವಾಗುವವರೆಗೆ ಬಿಡಬೇಕು. ಕೀವು ಇದ್ದಲ್ಲಿ ಮಾತ್ರ ಅದನ್ನು ಹಚ್ಚಲೇಬಾರದು.

ಸಕ್ಕರೆ ಕಾಯಿಲೆ ಇದ್ದವರ ಪಾದದ ವಿಷಯ ಬೇರೆ. ನರಗಳ ಸ್ಪರ್ಶಶಕ್ತಿ ಕುಂದಿರುವುದರಿಂದ ದೇವಸ್ಥಾನದ ಕಾದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಬಂದರೂ ಅಂಗಾಲು ಸುಟ್ಟದ್ದು ಅವರಿಗೆ ತಿಳಿಯುವುದೇ ಇಲ್ಲ. ಸಂಜೆ ಕಾಲುಚೀಲಕ್ಕೆ ನೀರು ಅಂಟಿದ್ದು ಕಂಡಾಗಲೇ ಗೊತ್ತಾಗುವುದು. ದಿನಾ ಸಂಜೆ ಅಂಗಾಲನ್ನು ಕನ್ನಡಿ ಹಿಡಿದಾದರೂ ನೋಡಿಕೊಳ್ಳಬೇಕು. ಆಣಿಗೆ ಹಚ್ಚುವ ಔಷಧಿಯ ಪಟ್ಟಿಗಳಲ್ಲಿ ಚರ್ಮ ಕರಗಿಸುವ ಸ್ಯಾಲಿಸಿಲಿಕ್ ಆಮ್ಲ ಇರುತ್ತದೆ, ಅವನ್ನು ಇವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಬೊಬ್ಬೆ ಎದ್ದರೆ ಮನೆಮದ್ದು ಬಿಟ್ಟು ಅಂದೇ ತೋರಿಸಬೇಕು.

ಸುಟ್ಟ ಗಾಯಕ್ಕೆ ಮೊದಲ ಮದ್ದು ನೀರು. ಸೈಲೆನ್ಸರ್, ಕುಕ್ಕರಿನ ಹಬೆ, ಒಗ್ಗರಣೆ ಎಣ್ಣೆ, ಯಾವುದೇ ಇರಲಿ, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಬೇಸಿಗೆಯಲ್ಲಿ ನಲ್ಲಿಯಲ್ಲಿ ನೀರಿಲ್ಲದಿದ್ದರೆ ಬಕೆಟ್ಟಿನ ನೀರನ್ನು ಚೊಂಬಿನಿಂದ ಸುರಿಯುತ್ತಿದ್ದರೂ ಆಯಿತು. ಊತ ಬರುವ ಮೊದಲೇ ಬಳೆ, ಉಂಗುರ, ಕಾಲ್ಗೆಜ್ಜೆ ತೆಗೆದುಬಿಡಿ. ಐಸು, ಟೂತ್‌ಪೇಸ್ಟು, ಶಾಯಿ, ದೋಸೆ ಹಿಟ್ಟು, ಅರಿಶಿನ ಯಾವುದೂ ಬೇಡ. ತಂಪಾದ ಮೇಲೆ ಅಂಟದ ಹೊದಿಕೆ ಹಾಕಬೇಕು. ಪ್ಯಾರಾಫಿನ್ ಗಾಜ್ ಸಿಕ್ಕಿದರೆ ಅದು, ಇಲ್ಲವಾದರೆ ಅಡುಗೆಮನೆಯ ಶುದ್ಧ ಕ್ಲಿಂಗ್ ಫಿಲ್ಮಿನ ಒಂದು ತುಂಡನ್ನು ಮೇಲೆ ಹಾಸಿದರೂ ನಡೆಯುತ್ತದೆ, ಸುತ್ತಿ ಬಿಗಿಯಬಾರದು. ಅಂಟುಪಟ್ಟಿ ಹಾಕುವುದಾದರೆ ಗಾಯಕ್ಕಿಂತ ದೊಡ್ಡ ಗಾಜ್ ಇರುವಂಥದ್ದನ್ನೇ ಆರಿಸಿ, ಅಂಟು ಬೀಳುವುದು ಪೂರ್ತಿ ಆರೋಗ್ಯವಂತ ಚರ್ಮದ ಮೇಲೇ ಆಗಿರಬೇಕು. ಸುಟ್ಟ ಚರ್ಮದ ಮೇಲೆ ಕೂತ ಅಂಟು ಕೀಳುವಾಗ ಚರ್ಮವನ್ನೂ ಎಳೆದುಕೊಂಡು ಬರುತ್ತದೆ. ಸುಟ್ಟವರ ಅಂಗೈಗಿಂತ ದೊಡ್ಡ ಗಾಯ, ಮುಖದ ಮೇಲಿನದು, ಕೀಲಿನ ಮೇಲಿನದು, ಎಳೆಮಗುವಿನದು ಇವೆಲ್ಲ ಆಸ್ಪತ್ರೆಯ ಕೆಲಸ.

ಇನ್ನು ಕುರು. ಮಾವಿನಹಣ್ಣು ತಿಂದದ್ದಕ್ಕೇ ಕುರು ಎದ್ದಿತು ಎನ್ನುವ ಮಾತು ಪ್ರತಿ ಮನೆಯಲ್ಲೂ ಇದೆ. ಮಾವಿನ ಕಾಲವೂ ಬೆವರಿನ ಕಾಲವೂ ಒಂದೇ ಆಗಿರುವುದು ಆ ಹಣ್ಣಿನ ದುರದೃಷ್ಟ. ತೊಟ್ಟಿನ ಸೊನೆ ತುಟಿಗೆ, ಕೆನ್ನೆಗೆ ತಾಗಿದರೆ ಉರಿದು ಹುಣ್ಣಾಗುವುದು ನಿಜ, ಅದು ಅಲರ್ಜಿಯ ಬಾಬತ್ತು. ಕುರು ಏಳುವುದು ಕೂದಲಿನ ಬುಡಕ್ಕೆ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಸೂಕ್ಷ್ಮಾಣು ಇಳಿದಾಗ. ಬೆವರು, ಬಿಗಿಬಟ್ಟೆಯ ಉಜ್ಜಾಟ, ಕೆರೆದ ಉಗುರು ಅದಕ್ಕೆ ದಾರಿ ಮಾಡಿಕೊಡುತ್ತವೆ. ಹಿಂದಿನ ತಲೆಮಾರಿನವರು ಕುರುವಿಗೆ ಬೆಲ್ಲಡೋನಾ ಪ್ಲಾಸ್ಟರ್ ಹಾಕುತ್ತಿದ್ದುದು ಹಲವರಿಗೆ ನೆನಪಿರಬಹುದು. ಸೊಂಟನೋವಿಗೆಂದು ಮಾರಾಟವಾಗುತ್ತಿದ್ದ ಆ ಪಟ್ಟಿಯಲ್ಲಿ ಬೆಲ್ಲಡೋನಾ ಗಿಡದ ಸಾರ ಇರುತ್ತಿತ್ತು. ಅಟ್ರೊಪಿನ್ ಬರುವುದು ಆ ಗಿಡದಿಂದಲೇ. ನರದಿಂದ ಬೆವರು ಗ್ರಂಥಿಗೆ ಹೋಗುವ ಸಂದೇಶವನ್ನು ತಡೆದು ಬೆವರನ್ನೇ ನಿಲ್ಲಿಸುವುದು ಅಟ್ರೊಪಿನ್ನಿನ ಗುಣಗಳಲ್ಲೊಂದು, ಅದು ಹೆಚ್ಚಾಗಿ ಮೈಗೆ ಸೇರಿದ ಮಕ್ಕಳಿಗೆ ಚರ್ಮ ಒಣಗಿ, ಕೆಂಪಾಗಿ, ಜ್ವರವೇರುತ್ತದೆ. ಸೆಕೆಗಾಲದಲ್ಲಿ ಯಾವ ಮನೆಗೂ ಬೇಡದ ಮದ್ದು. ಹಳೆಯ ಪಟ್ಟಿ ಯಾವುದಾದರೂ ಡಬ್ಬಿಯಲ್ಲಿ ಉಳಿದಿದ್ದರೆ ಮಕ್ಕಳ ಕೈಗೆ ಸಿಗದಂತೆ ಎಸೆದುಬಿಡಿ.

ಕುರುವಿಗೆ ಬೇಕಾದದ್ದು ಬಿಸಿನೀರಿನ ಕಾವು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಸಲ, ಹತ್ತು ಹದಿನೈದು ನಿಮಿಷ ಇಟ್ಟರೆ ಅದು ತಾನೇ ಹಣ್ಣಾಗಿ ಒಡೆಯುತ್ತದೆ. ಹಿಸುಕಬಾರದು, ಮೂಗಿನ ಸುತ್ತ ಮತ್ತು ಮೇಲ್ದುಟಿಯ ಮೇಲಿನದನ್ನಂತೂ ಮುಟ್ಟಲೂಬಾರದು. ಪಟ್ಟಿಯ ಸರದಿ ಬರುವುದು ಒಡೆದ ಮೇಲೆ. ಆಗ ಗಾಜ್ ಇಟ್ಟು ಮುಚ್ಚದಿದ್ದರೆ ಕೀವು ಬಟ್ಟೆಗೆ, ಟವೆಲ್ಲಿಗೆ, ಮನೆಯ ಇತರರಿಗೆ ದಾಟುತ್ತದೆ. ಒದ್ದೆಯಾದಾಗಲೆಲ್ಲ ಬದಲಿಸಿ, ಪ್ರತಿ ಸಲ ಕೈ ತೊಳೆಯಿರಿ. ಒಂದರ ಹಿಂದೊಂದು ಏಳುತ್ತಲೇ ಇದ್ದರೆ ಮಾವಿನಹಣ್ಣನ್ನು ಬೈಯುವ ಬದಲು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.

ಪಟ್ಟಿಯೇ ತೊಂದರೆ ಕೊಡುವುದೂ ಉಂಟು. ಪಟ್ಟಿ ತೆಗೆದ ಮೇಲೆ ಅದೇ ಆಕಾರದಲ್ಲಿ ಚೌಕವಾಗಿ ಕೆಂಪೆದ್ದು ತುರಿಸಿದರೆ ಅದು ಅಂಟಿನ ಅಲರ್ಜಿಯ ಲಕ್ಷಣ. ಪೈನ್ ಮರದ ರಾಳದಿಂದ ಮಾಡಿದ ಅಂಟುಗಳು ಇದಕ್ಕೆ ಹೆಸರಾದವು. ಸ್ಟಿಕ್ಕರ್ ಬೊಟ್ಟು ಇಡುವ ಕೆಲವರ ಹಣೆಯಲ್ಲಿ ಬೊಟ್ಟಿನ ಜಾಗವೇ ಬಿಳಿಚಿಕೊಳ್ಳುವುದಕ್ಕೂ ಅಂಟಿನಲ್ಲಿರುವ ರಾಸಾಯನಿಕವೇ ಕಾರಣವೆಂದು ನಮ್ಮ ದೇಶದ ಚರ್ಮವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಹಾಗೆ ಬಿಳಿಚಿದ ಅನುಭವ ಇದ್ದವರು ಪ್ಲಾಸ್ಟರ್ ಹಚ್ಚುವಾಗಲೂ ಎಚ್ಚರವಾಗಿರಬೇಕು. ನೋವಿನ ಪಟ್ಟಿಗಳದ್ದು ಇನ್ನೊಂದು ಬಗೆ. ಮೆಂಥಾಲ್, ಮಿಥೈಲ್ ಸ್ಯಾಲಿಸಿಲೇಟ್ ಇರುವ ಮುಲಾಮು ಮತ್ತು ಪಟ್ಟಿಗಳಿಂದ ಅಪರೂಪಕ್ಕಾದರೂ ಚರ್ಮ ಸುಟ್ಟ ಪ್ರಕರಣಗಳಿವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಎಚ್ಚರಿಸಿತ್ತು. ಅವುಗಳ ಮೇಲೆ ಬಿಸಿನೀರಿನ ಚೀಲ ಇಡಬಾರದು, ಗಾಯದ ಮೇಲೆ ಹಚ್ಚಬಾರದು. ಕ್ಯಾನ್ಸರ್ ರೋಗಿಗಳಿಗೆ ಕೊಡುವ ಫೆಂಟನಿಲ್ ಪಟ್ಟಿಯ ವಿಷಯದಲ್ಲಂತೂ ಇದು ಜೀವದ ಪ್ರಶ್ನೆ. ಚರ್ಮ ಬಿಸಿಯಾದಷ್ಟೂ ಔಷಧಿ ಹೆಚ್ಚು ವೇಗವಾಗಿ ರಕ್ತಕ್ಕೆ ಸೇರಿ ಉಸಿರಾಟವನ್ನೇ ಕುಗ್ಗಿಸಬಲ್ಲದು. ಅಂಥವರನ್ನು ಮನೆಯಲ್ಲಿ ನೋಡಿಕೊಳ್ಳುವವರು ರೋಗಿಯ ಮಂಚವನ್ನು ಬಿಸಿಲು ಬೀಳದ ಕಡೆಗೆ ಸರಿಸಿ, ಜ್ವರ ಬಂದ ಕೂಡಲೇ ವೈದ್ಯರಿಗೆ ಫೋನ್ ಮಾಡಬೇಕು.

ಬೆವರುಕಾಲದಲ್ಲಿ ಯಾವ ಪಟ್ಟಿಯೇ ಆಗಲಿ, ಹಚ್ಚುವ ಮೊದಲು ಗಾಯವನ್ನು ನೀರಿನಲ್ಲಿ ತೊಳೆದು ಸುತ್ತಲಿನ ಚರ್ಮವನ್ನು ಪೂರ್ತಿ ಒಣಗಿಸಬೇಕು. ಮಾಮೂಲಿ ಪಟ್ಟಿಯನ್ನು ದಿನಕ್ಕೊಮ್ಮೆ, ನೆನೆದರೆ ಆಗಲೇ ಬದಲಿಸಬೇಕು. ತೆಗೆಯುವಾಗ ಒಂದೇ ಏಟಿಗೆ ಕೀಳದೆ, ಅಂಚಿಗೆ ತುಸು ಕೊಬ್ಬರಿ ಎಣ್ಣೆ ಸವರಿ, ಒಂದು ಬೆರಳಿನಿಂದ ಚರ್ಮವನ್ನು ಒತ್ತಿ ಹಿಡಿದು, ಪಟ್ಟಿಯನ್ನು ಚರ್ಮಕ್ಕೆ ಸಮಾನಾಂತರವಾಗಿ ಮಡಚುತ್ತ ಎಳೆಯಿರಿ. ವೃದ್ಧರ ಕಾಗದದಷ್ಟು ತೆಳುವಾದ ಚರ್ಮಕ್ಕೆ ಈ ತಾಳ್ಮೆ ಬಹಳ ಮುಖ್ಯ.

ಕೊನೆಯದಾಗಿ, ಹಣೆಗೆ ಅಂಟಿಸುವ ತಂಪು ಜೆಲ್ ಹಾಳೆಗಳು. ಅದರೊಳಗಿನ ನೀರು ಆವಿಯಾಗುವಾಗ ಹಣೆಯ ಆ ನಾಲ್ಕು ಬೆರಳಗಲಕ್ಕೆ ಹಾಯೆನಿಸುತ್ತದೆ, ದೊಡ್ಡವರು ತಲೆನೋವಿಗೆ ಇಟ್ಟುಕೊಂಡರೆ ಅಡ್ಡಿಯಿಲ್ಲ. ಒಳಗಿನ ತಾಪವನ್ನು ಅದು ಇಳಿಸುವುದಿಲ್ಲ. ಎಳೆಗೂಸಿಗೆ ಹಚ್ಚಿದರೆ ಜಾರಿ ಮೂಗು ಬಾಯಿ ಮುಚ್ಚುವ ಭಯವಿದೆ. ಬಿಸಿಲಲ್ಲಿ ದುಡಿದವರು ತೊದಲುತ್ತಿದ್ದರೆ, ಗೊಂದಲದಲ್ಲಿದ್ದರೆ, ಪ್ರಜ್ಞೆ ತಪ್ಪಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಾಘಾತ. ಆ ಹೊತ್ತಿನಲ್ಲಿ ಹಾಳೆ ಹುಡುಕುತ್ತ ಕೂರದೆ ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿಯುತ್ತ ಗಾಳಿ ಹಾಕಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಒಬ್ಬರು ನೀರು ಸುರಿಯುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ, ಆಂಬುಲೆನ್ಸ್ ಬಂದು ನಿಲ್ಲುವವರೆಗೂ ನೀರು ಸುರಿಯುವುದನ್ನು ನಿಲ್ಲಿಸಬೇಡಿ.